ಕ್ರಿಸ್‌ಮಸ್ ಮರ ತರುವ ಮುಂಚೆ ಕ್ಯಾಲೆಂಡರ್ ನೋಡಿ

ಮದುವೆಯಾಗಿ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿಗೆ ಬಂದ ಮೊದಲ ವರ್ಷ ನಮ್ಮಿಬ್ಬರಿಗೆ ಸರಿಯಾದ ಜಗಳ ಅಂತ ಆದದ್ದು ಒಂದು ಮರದ ವಿಷಯಕ್ಕೆ. ಯಾವ ಮರ ಅಂತಲ್ಲ, ಯಾವಾಗ ಅಂತ.

ಇವರು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವರು. ಇವರ ಮನೆಯಲ್ಲಿ ಗಾಳಿ ಮರದ ಒಂದು ಕೊಂಬೆ ಕಡಿದು ತಂದು, ಮರಳು ತುಂಬಿದ ಎಣ್ಣೆ ಡಬ್ಬದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದರಂತೆ. ಗಾಳಿ ಮರ ಅಂದರೆ ನಮ್ಮ ಶಿವಮೊಗ್ಗದ ಕಡೆ ಸರ್ವೆ ಮರ ಅಂತೀವಲ್ಲ, ಅದೇ. ಕೊಂಬೆ ಬರುತ್ತಿದ್ದದ್ದು ಡಿಸೆಂಬರ್ 23ಕ್ಕೋ 24ಕ್ಕೋ. ಹೋಗುತ್ತಿದ್ದದ್ದು ಜನವರಿ 6ರ ಮೂವರು ರಾಯರ ಹಬ್ಬ ಕಳೆದ ಮೇಲೆ. ನಾನೋ ದಸರೆಗೆ ಗೊಂಬೆ ಕೂರಿಸುವ ಮನೆಯಿಂದ ಬಂದವಳು. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮರುದಿನವೇ ಬೀದಿಯ ಕಿಟಕಿಗಳಲ್ಲೆಲ್ಲ ದೀಪ ಹತ್ತಿದ್ದು ನೋಡಿ ನನಗೆ ತಡೆಯಲಾಗಲಿಲ್ಲ.

“ಕ್ರಿಸ್‌ಮಸ್ಸಿಗೆ ಇನ್ನೂ ಒಂದು ತಿಂಗಳು ಉಂಟು ಮಾರಾಯ್ತಿ, ಈಗಲೇ ಎಂತಕ್ಕೆ?” ಅಂತ ಇವರು.

“ರೀ, ಎಲ್ಲರ ಮನೆಗೂ ಬಂದಾಯ್ತು” ಅಂತ ನಾನು.

ಕೊನೆಗೆ ರಾಜಿ ಆದದ್ದು ಹೀಗೆ. ತರುವುದು ನನ್ನ ಲೆಕ್ಕದಲ್ಲಿ, ತೆಗೆಯುವುದು ಇವರ ಲೆಕ್ಕದಲ್ಲಿ. ಅಂದರೆ ನವೆಂಬರ್ ಕೊನೆಯಿಂದ ಜನವರಿ 6ರವರೆಗೆ, ಹೆಚ್ಚುಕಡಿಮೆ ಆರು ವಾರ. ಎಲ್ಲ ಮರಕ್ಕೂ ಆರು ವಾರ ನಿಲ್ಲುವ ತಾಕತ್ತು ಇರುವುದಿಲ್ಲ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಏಳು ವರ್ಷದಲ್ಲಿ ಕಡಿದ ಮರ, ಪ್ಲಾಸ್ಟಿಕ್ ಮರ, ಕುಂಡದ ಮರ ಎಲ್ಲವೂ ನಮ್ಮ ಮನೆಗೆ ಬಂದು ಹೋಗಿವೆ. ಈಗ ನವೆಂಬರ್ ಬಂದರೆ ಹೊಸದಾಗಿ ಈ ಊರಿಗೆ ಬಂದ ಕನ್ನಡದವರು ಯಾರಾದರೂ ಫೋನ್ ಮಾಡುತ್ತಾರೆ. “ಯಾವ ಮರ ತಗೊಳ್ಳೋದು?” ಅಂತ ಕೇಳುತ್ತಾರೆ. “ಎಷ್ಟು ದಿನ ಇಟ್ಕೋತೀರಿ?” ಅಂತ ನಾನು ತಿರುಗಿ ಕೇಳುತ್ತೇನೆ. ಅದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ದಿನ ಎಣಿಸುವುದು

ಡಿಸೆಂಬರ್ ನಡುವಿನಲ್ಲಿ ತಂದು 26ಕ್ಕೆ ಬೀದಿಗೆ ಇಡುವವರಾದರೆ ಯಾವ ಮರವಾದರೂ ನಡೆಯುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಚೆಂದ ಕಂಡದ್ದನ್ನು ತನ್ನಿ. ನಾಲ್ಕು ವಾರ ದಾಟುವುದಾದರೆ ಫ್ರೇಸರ್ ಫರ್‌ನಂಥ ಗಟ್ಟಿ ಜಾತಿಯೇ ಬೇಕು. ಬೇರು ಸಮೇತ ಮರ ತರುವ ಆಸೆ ಇದ್ದರೆ ಅದು ಮನೆಯೊಳಗೆ ಹತ್ತು ದಿನದ ಅತಿಥಿ, ಅಷ್ಟೇ. ಇನ್ನು ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಕಡಿದ ಮರದ ಆಸೆಯನ್ನೇ ಬಿಡುವುದು ಒಳ್ಳೆಯದು.

ಈ ಕೊನೆಯ ಪಾಠ ನಾವು ಕಲಿತದ್ದು ಎರಡನೇ ವರ್ಷ. ಥ್ಯಾಂಕ್ಸ್‌ಗಿವಿಂಗ್ ಶನಿವಾರ ಏಳಡಿಯ ಮರ ತಂದು ನಿಲ್ಲಿಸಿದೆವು. ಡಿಸೆಂಬರ್ 18ಕ್ಕೆ ಸ್ಟ್ಯಾಂಡ್ ತುಂಬ ನೀರು ಹುಯ್ದು, ದೀಪದ ಪ್ಲಗ್ ಕಿತ್ತು ವಿಮಾನ ಹತ್ತಿದೆವು. ಸ್ಟ್ಯಾಂಡಿನ ನೀರು ಎರಡು ಮೂರು ದಿನಕ್ಕೇ ಮುಗಿದಿರಬೇಕು. ಜನವರಿ 5ರ ರಾತ್ರಿ ಬಂದು ಬಾಗಿಲು ತೆಗೆದರೆ ಮರ ಹಸಿರಾಗಿಯೇ ಕಾಣುತ್ತಿತ್ತು. ಹತ್ತಿರ ಹೋಗಿ ಒಂದು ಗೊಂಬೆ ತೆಗೆಯಲು ಕೈ ಹಾಕಿದೆ ನೋಡಿ, ಆ ಕೊಂಬೆಯ ಸೂಜಿಯಂಥ ಎಲೆಗಳೆಲ್ಲ ಸರ್ರಂತ ಜಾರಿ ಕೆಳಗೆ ಬಿದ್ದವು. ಅಕ್ಕಿ ಸುರಿದ ಸದ್ದು. ಕೈಯಲ್ಲಿ ಉಳಿದದ್ದು ಗೊಂಬೆ ಮತ್ತು ಬೋಳು ಕಡ್ಡಿ. ವ್ಯಾಕ್ಯೂಮ್ ಕ್ಲೀನರ್‌ನ ಪೈಪು ಮೂರು ಸಲ ಕಟ್ಟಿಕೊಂಡಿತು. ಕಾರ್ಪೆಟ್ಟಿನಿಂದ ಉಳಿದ ಸೂಜಿಗಳನ್ನು ನಾವಿಬ್ಬರೂ ಕೂತು ಬೆರಳಲ್ಲಿ ಹೆಕ್ಕಿದೆವು.

ಕಸದ ಕಷ್ಟ ಬಿಡಿ. ಹಾಗೆ ಒಣಗಿದ ಮರಕ್ಕೆ ಕಿಡಿ ತಗುಲಿದರೆ ಕೋಣೆ ಹತ್ತಿಕೊಳ್ಳಲು ಒಂದು ನಿಮಿಷವೂ ಬೇಡ. ಅದಕ್ಕೇ ಎಷ್ಟೋ ಅಪಾರ್ಟ್‌ಮೆಂಟುಗಳ ಬಾಡಿಗೆ ಕರಾರಿನಲ್ಲಿ ನಿಜವಾದ ಮರ ತರಬಾರದು ಅಂತಲೇ ಬರೆದಿರುತ್ತಾರೆ. ಮರ ನೋಡಲು ಹೊರಡುವ ಮುಂಚೆ ಆ ಕಾಗದ ಒಮ್ಮೆ ಓದಿ.

ಫ್ರೇಸರ್ ಫರ್: ಅಂಗಡಿಯದೋ, ಬೆಟ್ಟದ್ದೋ

ನಾರ್ತ್ ಕ್ಯಾರೊಲೈನಾದಲ್ಲಿದ್ದುಕೊಂಡು ಫ್ರೇಸರ್ ಬಿಟ್ಟು ಬೇರೆ ಮರ ಕೇಳುವುದು ಅಂದರೆ ಮೈಸೂರಿನಲ್ಲಿ ಕೂತು ಬೇರೆ ಊರಿನ ವೀಳ್ಯದೆಲೆ ಹುಡುಕಿದ ಹಾಗೆ. ಇದು ಈ ನೆಲದ್ದೇ ಮರ. ಕಾಡಿನಲ್ಲಿ ತಾನಾಗಿ ಬೆಳೆಯುವುದು ದಕ್ಷಿಣ ಅಪಲಾಚಿಯನ್ ಬೆಟ್ಟಗಳ ನೆತ್ತಿಯಲ್ಲಿ ಮಾತ್ರ. ಹದಿನೆಂಟನೇ ಶತಮಾನದ ಕೊನೆಯ ದಶಕಗಳಲ್ಲಿ ಈ ಬೆಟ್ಟಗಳಲ್ಲಿ ಗಿಡ ಹುಡುಕುತ್ತ ಓಡಾಡಿದ ಸ್ಕಾಟ್ಲೆಂಡಿನ ಜಾನ್ ಫ್ರೇಸರ್ ಅನ್ನುವವನ ಹೆಸರು ಇದಕ್ಕೆ. ಯುರೋಪಿನಿಂದ ಬಂದು ಸೇರಿದ ಒಂದು ಪುಟ್ಟ ಕೀಟದಿಂದಾಗಿ ಕಾಡಿನ ಮರಗಳು ದೊಡ್ಡ ಸಂಖ್ಯೆಯಲ್ಲಿ ಸತ್ತಿವೆ. ತೋಟದಲ್ಲಿ ಮಾತ್ರ ಸಾಲು ಸಾಲಾಗಿ ಬೆಳೆಯುತ್ತಾರೆ. ಕ್ರಿಸ್‌ಮಸ್ ಮರ ಬೆಳೆಯುವುದರಲ್ಲಿ ಅಮೆರಿಕದಲ್ಲಿ ಆರೆಗನ್ ಮೊದಲು, ಈ ರಾಜ್ಯ ಎರಡನೆಯದು. ಇಲ್ಲಿ ಬೆಳೆಯುವುದರಲ್ಲಿ ಬಹುಪಾಲು ಫ್ರೇಸರ್.

ಯಾಕೆ ಇದಕ್ಕೆ ಇಷ್ಟು ಬೇಡಿಕೆ ಅಂತ ಒಂದು ಕೊಂಬೆ ಹಿಡಿದರೆ ಗೊತ್ತಾಗುತ್ತದೆ. ಸೂಜಿ ಹೆಚ್ಚೆಂದರೆ ಒಂದಿಂಚು, ತುದಿ ಮೊಂಡು, ಚುಚ್ಚುವುದಿಲ್ಲ. ಮೇಲೆ ಕಡು ಹಸಿರು. ತಿರುಗಿಸಿದರೆ ಅಡಿಯಲ್ಲಿ ಎರಡು ಬೆಳ್ಳಿ ಗೆರೆ. ಕೊಂಬೆ ಸ್ವಲ್ಪ ಮೇಲಕ್ಕೆ ಬಾಗಿ ಗಟ್ಟಿಯಾಗಿ ನಿಂತಿರುತ್ತದೆ. ನೀರು ತಪ್ಪಿಸದಿದ್ದರೆ ಐದಾರು ವಾರ ಸೂಜಿ ಉದುರಿಸುವುದಿಲ್ಲ. ನಮ್ಮ ರಾಜಿಯ ಲೆಕ್ಕಕ್ಕೆ ಸರಿಹೊಂದುವ ಮರ ಇದೇ. ಘಮ ಮಾತ್ರ ಹದವಾಗಿರುತ್ತದೆ. ಮನೆ ತುಂಬ ವಾಸನೆ ಬೇಕು ಅನ್ನುವವರಿಗೆ ಉತ್ತರದ ಕಡೆಯ ಬಾಲ್ಸಮ್ ಫರ್ ಒಳ್ಳೆಯದು, ಆದರೆ ಇಲ್ಲಿ ಅದು ಅಪರೂಪ.

ಈಗ ಇದೇ ಫ್ರೇಸರ್ ಎರಡು ದಾರಿಯಲ್ಲಿ ಸಿಗುತ್ತದೆ. ಒಂದು, ಕಡಿದು ತಂದು ಮಾರುವ ಕಡೆ. ಚರ್ಚಿನ ಅಂಗಳ, ದೊಡ್ಡ ಅಂಗಡಿಗಳ ಪಾರ್ಕಿಂಗ್, ರಾಲಿಯಲ್ಲಾದರೆ ಸ್ಟೇಟ್ ಫಾರ್ಮರ್ಸ್ ಮಾರ್ಕೆಟ್. ಇನ್ನೊಂದು, ಬೆಟ್ಟದ ತೋಟಕ್ಕೇ ಹೋಗಿ ನಿಮ್ಮ ಕೈಯಾರೆ ಕಡಿಯುವುದು.

ಕಡಿದು ತಂದ ಮರ ಕೊಳ್ಳುವಾಗ ನೋಡಬೇಕಾದದ್ದು ಅದರ ವಯಸ್ಸು. ಅಂದರೆ ಕಡಿದು ಎಷ್ಟು ದಿನವಾಯಿತು ಅನ್ನುವುದು. ಥ್ಯಾಂಕ್ಸ್‌ಗಿವಿಂಗ್ ವಾರಕ್ಕೆ ಅಂಗಡಿಯಲ್ಲಿ ನಿಂತ ಮರವನ್ನು ನವೆಂಬರ್ ನಡುವಿನಲ್ಲೋ ಅದಕ್ಕೂ ಮುಂಚೆಯೋ ಕಡಿದಿರಬಹುದು. ನಿಮ್ಮ ಆರು ವಾರದಲ್ಲಿ ಎರಡು ವಾರ ಅಲ್ಲೇ ಹೋಯಿತು ಅಲ್ವಾ? “ಈ ಲೋಡ್ ಯಾವತ್ತು ಬಂತು?” ಅಂತ ನೇರವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಸೂಜಿ ಕಿತ್ತು ಬಗ್ಗಿಸಿ. ತಾಜಾ ಫರ್ ಸೂಜಿ ಎಳೆ ಬೀನ್ಸಿನ ಹಾಗೆ ಪಟ್ಟಂತ ಮುರಿಯುತ್ತದೆ. ಕೊಂಬೆಯನ್ನು ಬೆರಳ ಸಂದಿಯಲ್ಲಿ ಹಿಡಿದು ತುದಿಯ ಕಡೆಗೆ ಎಳೆಯಿರಿ, ಹಸಿರು ಸೂಜಿ ಕೈಗೆ ಬರಬಾರದು. ಕೊನೆಗೆ ಮರ ಎತ್ತಿ ಬುಡವನ್ನು ನೆಲಕ್ಕೆ ಒಮ್ಮೆ ಕುಟ್ಟಿ. ಒಳಗಿನ ಕಂದು ಸೂಜಿ ಒಂದಷ್ಟು ಉದುರಿದರೆ ಪರವಾಗಿಲ್ಲ, ಅವು ಹಳೆಯವು. ಹೊರಗಿನ ಹಸಿರು ಉದುರಿದರೆ ಮುಂದಿನ ಮರಕ್ಕೆ ಹೋಗಿ. ಇನ್ನೊಂದು ಮಾತು: ಡಾಂಬರಿನ ಮೇಲೆ ಬಿಸಿಲಲ್ಲಿ ಒಣಗುತ್ತ ನಿಂತ ಸಾಲಿಗಿಂತ ನೆರಳಿನಲ್ಲಿ, ನೀರು ಚಿಮುಕಿಸಿ ಇಟ್ಟ ಸಾಲು ಎಷ್ಟೋ ಮೇಲು. ಹತ್ತು ಡಾಲರ್ ಜಾಸ್ತಿ ಆದರೂ ಅಲ್ಲೇ ಕೊಳ್ಳಿ.

ಬೆಟ್ಟದ ದಾರಿ ಬೇರೆಯೇ ಕಥೆ. ರಾಲಿಯಿಂದ ಬೆಟ್ಟದ ಕಡೆಯ ಆಶ್ ಕೌಂಟಿಗೆ, ಅಂದರೆ ಆಶ್ ಜಿಲ್ಲೆಗೆ, ಮೂರು ಗಂಟೆ ದಾರಿ. ಇಲ್ಲಿ ಸ್ವೆಟರ್ ಸಾಕು ಅನ್ನಿಸಿದರೆ ಅಲ್ಲಿ ಗಾಳಿಗೆ ಕಿವಿ ಮರಗಟ್ಟುತ್ತದೆ. ತೋಟದವರು ಬಿಲ್ಲಿನಾಕಾರದ ಒಂದು ಗರಗಸ ಕೈಗೆ ಕೊಟ್ಟು, “ಈ ಸಾಲಿನಿಂದ ಆ ಸಾಲಿನವರೆಗೆ ಯಾವುದಾದರೂ” ಅಂತ ಗುಡ್ಡ ತೋರಿಸುತ್ತಾರೆ. ನಿಮ್ಮ ಎದುರಿಗಿರುವ ಏಳಡಿಯ ಮರ ಬೀಜದಿಂದ ಅಷ್ಟೆತ್ತರ ಆಗಲು ಹತ್ತು ಹನ್ನೆರಡು ವರ್ಷ ಹಿಡಿದಿರುತ್ತದೆ. ಪ್ರತಿ ಬೇಸಿಗೆಯಲ್ಲೂ ಯಾರೋ ಉದ್ದನೆ ಕತ್ತಿ ಹಿಡಿದು ಅದನ್ನು ಗೋಪುರದ ಆಕಾರಕ್ಕೆ ಸವರಿರುತ್ತಾರೆ. ಆ ಕೆಲಸ ಮಾಡುವವರಲ್ಲಿ ಜಾಸ್ತಿ ಜನ ಮೆಕ್ಸಿಕೊದಿಂದ ಹಂಗಾಮಿಗೆ ಬಂದ ಕೂಲಿಯವರು. ನಮ್ಮ ಮರಕ್ಕೆ ಬಲೆ ತೊಡಿಸಿಕೊಟ್ಟ ಹುಡುಗನೂ ಅಲ್ಲಿಯವನೇ. ಊರು ಬಿಟ್ಟು ಎಂಟು ತಿಂಗಳಾಯಿತು, ಇನ್ನು ಎರಡು ವಾರಕ್ಕೆ ಹೊರಡುತ್ತೇನೆ ಅಂತ ನಕ್ಕ.

ಕಡಿಯುವುದು ಕಷ್ಟವಲ್ಲ, ಆದರೆ ನೆಲದ ಮೇಲೆ ಮಲಗಬೇಕು. ಒಬ್ಬರು ಮಲಗಿ ಕೊಯ್ಯುತ್ತಿದ್ದರೆ ಇನ್ನೊಬ್ಬರು ಮರವನ್ನು ಆಚೆ ಕಡೆಗೆ ಮೆಲ್ಲಗೆ ಬಾಗಿಸಿ ಹಿಡಿಯಬೇಕು. ಇಲ್ಲದಿದ್ದರೆ ಗರಗಸ ಸಿಕ್ಕಿಕೊಳ್ಳುತ್ತದೆ. ಕೂರಲು ಒಂದು ಹಳೇ ಚೀಲ ಒಯ್ಯಿರಿ.

ನಾವು ಮೊದಲ ಸಲ ಹೋದದ್ದು 2024ರಲ್ಲಿ. ಆ ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತದ ಮಳೆಗೆ ಪಶ್ಚಿಮದ ಬೆಟ್ಟಗಳಲ್ಲಿ ರಸ್ತೆಗಳು ಕೊಚ್ಚಿಹೋಗಿದ್ದವು. ಕೆಲವು ತೋಟಗಳಲ್ಲಿ ಗುಡ್ಡ ಜಾರಿ ಮರಗಳೂ ಹೋಗಿದ್ದವು. ಹಾಗಿದ್ದೂ ಆ ವರ್ಷ ಶ್ವೇತಭವನಕ್ಕೆ ಮರ ಹೋದದ್ದು ಅಲ್ಲಿಂದಲೇ, ಏವರಿ ಕೌಂಟಿಯ ನ್ಯೂಲೆಂಡಿನ ಒಂದು ತೋಟದಿಂದ. “ಈ ವರ್ಷ ಬೆಟ್ಟಕ್ಕೇ ಹೋಗುವ, ಅವರಿಗೂ ನಾಲ್ಕು ಕಾಸು ಆಗ್ಲಿ” ಅಂತ ಇವರೇ ಹೊರಡಿಸಿದರು.

ಮರ ಚೆಂದದ್ದೇ ಸಿಕ್ಕಿತು. ತೊಂದರೆ ಆದದ್ದು ಕಟ್ಟುವಾಗ. ಕಾರಿನ ನೆತ್ತಿಯ ಮೇಲೆ ಹಳೇ ಹೊದಿಕೆ ಹಾಸಿ, ಬುಡ ಮುಂದಕ್ಕೆ ಬರುವ ಹಾಗೆ ಮಲಗಿಸಿದೆವು. ಅಲ್ಲಿಯವರೆಗೆ ಸರಿ. ಆಮೇಲೆ ಇವರು ಹಗ್ಗವನ್ನು ನಾಲ್ಕೂ ಕಿಟಕಿಯ ಮೂಲಕ ತೂರಿಸಿ, ತೆಂಗಿನಕಾಯಿ ಲಾರಿಗೆ ಕಟ್ಟುವ ಹಾಗೆ ಬಿಗಿದು ಗಂಟು ಹಾಕಿದರು. ಹಾಕಿಯಾದ ಮೇಲೆ ನೋಡಿದರೆ ಒಂದು ಬಾಗಿಲೂ ತೆಗೆಯಲು ಬರುವುದಿಲ್ಲ! ಬಿಚ್ಚಲು ಬೆರಳು ಮರಗಟ್ಟಿದೆ. ಇಬ್ಬರೂ ಕಿಟಕಿಯಿಂದ ಒಳಗೆ ಇಳಿದೆವು. ಮೂರು ಗಂಟೆ, ಕಿಟಕಿ ಅರ್ಧ ತೆರೆದೇ, ಹೀಟರ್ ಪೂರ್ತಿ ಹಾಕಿಕೊಂಡು ಬಂದೆವು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ನಾನು ಇಳಿಯಲಿಲ್ಲ, ಅಷ್ಟು ಜನರ ಎದುರಿಗೆ ಕಿಟಕಿ ಹಾರಲು ನನ್ನಿಂದಾಗಲಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಬಾಗಿಲ ಸಂದಿಯಿಂದ ಹಗ್ಗ ಹಾಯಿಸಿ ಕಟ್ಟಬೇಕು, ಕಿಟಕಿಯಿಂದಲ್ಲ. ಇದನ್ನು ಓದಿದವರು ಇಷ್ಟು ನೆನಪಿಟ್ಟುಕೊಂಡರೂ ಸಾಕು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಬೆಟ್ಟದಲ್ಲಿ ಏಳಡಿಯ ಮರಕ್ಕೆ ನಾವು ಕೊಟ್ಟದ್ದು 75 ಡಾಲರ್. ಅದರ ಹಿಂದಿನ ವರ್ಷ ಇಲ್ಲೇ ಕಡಿದು ತಂದದ್ದಕ್ಕೆ 90. ಹದಿನೈದು ಡಾಲರ್ ಉಳಿಸಲು ಹೋಗಿ ಪೆಟ್ರೋಲು, ಊಟ, ಒಂದು ರಾತ್ರಿಯ ಹೋಟೆಲು ಅಂತ ಇನ್ನೂರು ಖರ್ಚಾಯಿತು. ಉಳಿತಾಯಕ್ಕೆ ಅಂತ ಯಾರೂ ಬೆಟ್ಟಕ್ಕೆ ಹೋಗಬೇಡಿ. ಹೋಗುವುದಾದರೆ ದಿನದ ಲೆಕ್ಕಕ್ಕೆ ಹೋಗಿ. ಕಡಿದ ದಿನವೇ ನಿಮ್ಮ ಮೊದಲ ದಿನ. ಆ ಮರ ಜನವರಿ 6ರಂದೂ ಸೂಜಿ ಬಿಟ್ಟುಕೊಟ್ಟಿರಲಿಲ್ಲ.

ಊರ ಪಕ್ಕದ ತೋಟ

ರಾಲಿಯ ಸುತ್ತ ಅರ್ಧ ಗಂಟೆಯೊಳಗೆ ಕಡಿಯುವ ತೋಟಗಳಿವೆ. ಮಕ್ಕಳಿರುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಆದರೆ ಅಲ್ಲಿ ಫ್ರೇಸರ್ ಬೆಳೆದಿರುವುದಿಲ್ಲ. ಇಲ್ಲಿನ ಸೆಕೆ, ನೀರು ಬಸಿಯದ ಕೆಂಪು ಜೇಡಿ ಮಣ್ಣು ಅದಕ್ಕೆ ಆಗಿಬರುವುದಿಲ್ಲ, ಬೇರು ಕೊಳೆಯುತ್ತದೆ. ತೋಟದ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದ ಫ್ರೇಸರ್ ಕಂಡರೆ ಅದು ಬೆಟ್ಟದಿಂದ ಲಾರಿಯಲ್ಲಿ ಬಂದದ್ದು. ಅದನ್ನೇ ಕೊಳ್ಳುವುದಾದರೆ ತೋಟಕ್ಕೆ ಯಾಕೆ ಹೋಗಬೇಕು?

ಅಲ್ಲಿಯೇ ಬೆಳೆದದ್ದರಲ್ಲಿ ಜಾಸ್ತಿ ಸಿಗುವುದು ಲೇಲೆಂಡ್ ಸೈಪ್ರೆಸ್. ಇದು 1888ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಎರಡು ಜಾತಿ ಬೆರೆತು ಹುಟ್ಟಿದ ಮರ. ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಅಂಟು ಕಡಿಮೆ, ಪರಾಗದ ಕಾಟ ಇಲ್ಲ, ವಾಸನೆಯೂ ಇಲ್ಲದಷ್ಟೇ. ಶೀತ, ಸೀನು ಇರುವವರ ಮನೆಗೆ ಒಳ್ಳೆಯದು. ಮೂರನೇ ವರ್ಷ ನಾವು ತಂದದ್ದು ಇದನ್ನೇ. ಮುಟ್ಟಿದರೆ ಜರಿಗಿಡದ ಹಾಗೆ ಮೆತ್ತಗೆ. ತೊಂದರೆ ಎಲ್ಲಿ ಅಂದರೆ, ನಾನು ಮರಕ್ಕೆ ಕಟ್ಟುವುದು ಚನ್ನಪಟ್ಟಣದ ಗೊಂಬೆಗಳನ್ನು. ದಸರೆಯ ಪೆಟ್ಟಿಗೆಯಿಂದ ಬಂದವು. ಕೆಂಪು ಹಳದಿ ಅರಗಿನ ಪುಟ್ಟ ಕುದುರೆ, ಬುಗುರಿ, ಗಂಡ ಹೆಂಡತಿ ಜೋಡಿ. ಒಂದೊಂದೂ ನಿಂಬೆಹಣ್ಣಿನಷ್ಟು ತೂಕ. ಕುದುರೆಯನ್ನು ಕೊಂಬೆಗೆ ಕಟ್ಟಿ ಕೈ ಬಿಟ್ಟೆ. ಕೊಂಬೆ ಮೆಲ್ಲಗೆ, ಬಹಳ ಮರ್ಯಾದೆಯಿಂದ, ತಲೆ ಬಗ್ಗಿಸಿತು. ದಾರ ಜಾರಿತು. ಕುದುರೆ ನೆಲಕ್ಕೆ. ಮತ್ತೆ ಬುಡದ ಹತ್ತಿರ ಕಟ್ಟಿದರೆ ಎಲೆಯೊಳಗೆ ಮುಳುಗಿಹೋಯಿತು, ಕಾಣುವುದೇ ಇಲ್ಲ. ಆ ವರ್ಷ ಕಾಗದದ ನಕ್ಷತ್ರ, ರಿಬ್ಬನ್ನು ಮಾತ್ರ. ಹಗುರ ಅಲಂಕಾರ ಸಾಕು ಅನ್ನುವವರಿಗೆ, ಮೂರು ವಾರಕ್ಕೆ, ಲೇಲೆಂಡ್ ತಕರಾರಿಲ್ಲದ ಮರ.

ವೈಟ್ ಪೈನ್ ಕೂಡ ಹೆಚ್ಚುಕಡಿಮೆ ಹೀಗೇ. ಉದ್ದನೆಯ ಮೆತ್ತನೆ ಸೂಜಿ, ಭಾರ ತಡೆಯುವುದಿಲ್ಲ.

ರೆಡ್ ಸೀಡರ್ ಈ ದಕ್ಷಿಣದ ಹಳಬರ ಮರ. ಫ್ರೇಸರ್ ಅಂಗಡಿಗೆ ಬರುವ ಮುಂಚೆ ಜನ ಬೇಲಿ ಪಕ್ಕದಿಂದ ಕಡಿದು ತರುತ್ತಿದ್ದದ್ದು ಇದನ್ನೇ. ಹೆಸರು ಸೀಡರ್, ನಿಜವಾಗಿ ಜೂನಿಪರ್ ಕುಲದ್ದು. ಹಿಂದೆ ಪೆನ್ಸಿಲ್ ಮಾಡುತ್ತಿದ್ದದ್ದು ಇದರ ಮರದಿಂದ. ಕಡಿದ ಬುಡಕ್ಕೆ ಮೂಗು ಹಚ್ಚಿದರೆ ಮೂರನೇ ಕ್ಲಾಸಿನ ಕಂಪಾಸ್ ಬಾಕ್ಸ್ ತೆಗೆದ ಹಾಗಾಗುತ್ತದೆ. ನನಗೆ ಬಹಳ ಇಷ್ಟ. ಆದರೆ ಎಲೆ ಚುಚ್ಚುತ್ತದೆ, ದೀಪದ ಸರ ಸುತ್ತುವಷ್ಟರಲ್ಲಿ ಮೊಣಕೈವರೆಗೆ ತುರಿಕೆ. ಬೇಗ ಒಣಗುತ್ತದೆ ಬೇರೆ. ಎರಡು ವಾರ, ಹೆಚ್ಚೆಂದರೆ ಮೂರು.

ಇವುಗಳ ನಡುವೆ ಯಾರೂ ಹೆಚ್ಚು ಮಾತಾಡದ ಒಂದು ಮರ ವರ್ಜೀನಿಯಾ ಪೈನ್. ನೋಡಲು ಫ್ರೇಸರ್‌ನಷ್ಟು ಅಚ್ಚುಕಟ್ಟಲ್ಲ, ಸ್ವಲ್ಪ ಕೆದರಿದ ತಲೆ. ಆದರೆ ಕೊಂಬೆ ಗಟ್ಟಿ, ಕುದುರೆ ಜಗ್ಗುವುದಿಲ್ಲ. ಪೈನ್ ಘಮ ಬಾಗಿಲಲ್ಲೇ ಎದುರುಗೊಳ್ಳುತ್ತದೆ. ಕೈಯಾರೆ ಕಡಿದು ತಂದರೆ ನಾಲ್ಕು ವಾರ ಆರಾಮಾಗಿ ಇರುತ್ತದೆ. ಪಕ್ಕದ ತೋಟದಲ್ಲಿ ನನ್ನ ಮತ ಇದಕ್ಕೆ.

ಪ್ಲಾಸ್ಟಿಕ್ ಮರ

ಪ್ಲಾಸ್ಟಿಕ್ ಅಂದ ತಕ್ಷಣ ಮೂಗು ಮುರಿಯುವವರಿದ್ದಾರೆ. ನಾನೂ ಮುರಿದವಳೇ. ಊರಿನಿಂದ ಬಂದು ಕಾರ್ಪೆಟ್ಟಿನ ಸೂಜಿ ಹೆಕ್ಕಿದ ಆ ಜನವರಿಯ ಅಗ್ಗದ ಮಾರಾಟದಲ್ಲೇ ಒಂದು ತಂದೆವು. ಡಿಸೆಂಬರ್ 26ರ ನಂತರ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಕೊಳ್ಳುವವರು ಆಗಲೇ ಕೊಳ್ಳಿ.

ಅಂಗಡಿಯಲ್ಲಿ ನೋಡಬೇಕಾದದ್ದು ಎಲೆಯ ಗುಣ. ಅಗ್ಗದ್ದರಲ್ಲಿ ತೆಳ್ಳಗಿನ ಪಿವಿಸಿ ಹಾಳೆಯನ್ನು ಸೀಳಿ ತಂತಿಗೆ ಸುತ್ತಿರುತ್ತಾರೆ. ಬಾಟಲಿ ತೊಳೆಯುವ ಬ್ರಷ್ ನೋಡಿದ್ದೀರಲ್ಲ, ಅದೇ ಥರ. ಹೋಲಿಕೆ ಸುಮ್ನೆ ಅಲ್ಲ: 1930ರ ಸುಮಾರಿಗೆ ಆಡಿಸ್ ಅನ್ನುವ ಬ್ರಷ್ ಕಂಪನಿ ಟಾಯ್ಲೆಟ್ ಬ್ರಷ್ ಮಾಡುವ ಯಂತ್ರದಲ್ಲೇ ಇಂಥ ಮರ ಮಾಡಿತು ಅಂತ ಹೇಳುತ್ತಾರೆ. ದುಬಾರಿಯದರಲ್ಲಿ ಪಾಲಿಎಥಿಲೀನ್ ಎಲೆ. ನಿಜವಾದ ಕೊಂಬೆಯ ಅಚ್ಚಿನಲ್ಲಿ ಎರೆದದ್ದು, ಹತ್ತಿರದಿಂದಲೂ ಮೋಸ ಹೋಗುವಷ್ಟು ಚೆಂದ. ಅನೇಕ ಮರಗಳಲ್ಲಿ ಹೊರಗೆ ಇದು, ಒಳಗೆ ಅದು ಬೆರೆಸಿರುತ್ತಾರೆ. ದೀಪ ಮೊದಲೇ ಕೂರಿಸಿದ್ದು ಬೇಡ ಅಂತ ನನ್ನ ಸಲಹೆ. ಮೂರನೇ ವರ್ಷ ನಡುವಿನ ಒಂದು ಭಾಗ ಹತ್ತುವುದಿಲ್ಲ, ಆಗ ಬೇರೆ ದೀಪ ಸುತ್ತಿ ಅದನ್ನು ಮರೆಸಬೇಕು.

ಪರಿಸರದ ಪ್ರಶ್ನೆಗೆ ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಮಾಡಿದ ಒಂದು ಲೆಕ್ಕ ಇದೆ. ಎರಡು ಮೀಟರಿನ ಪ್ಲಾಸ್ಟಿಕ್ ಮರದ ಹಿಂದೆ ಸುಮಾರು 40 ಕಿಲೋ ಇಂಗಾಲದ ಹೊರೆ. ಅಷ್ಟೇ ಎತ್ತರದ ನಿಜವಾದ ಮರವನ್ನು ಕಸದ ಗುಂಡಿಗೆ ಹಾಕಿದರೆ 16 ಕಿಲೋ, ಚೂರು ಮಾಡಿ ತೋಟಕ್ಕೆ ಹರಡಿದರೆ 3.5 ಕಿಲೋ. ಪ್ಲಾಸ್ಟಿಕ್ ಮರವನ್ನು ಹತ್ತು ಹನ್ನೆರಡು ವರ್ಷ ಬಳಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ನಾವು ನಿಜಕ್ಕೂ ಅಷ್ಟು ವರ್ಷ ಇಟ್ಟುಕೊಳ್ಳುತ್ತೇವಾ? ಮನೆ ಬದಲಾಯಿಸುವಾಗ ಮೊದಲು ಬೀದಿಗೆ ಬೀಳುವುದೇ ಆ ಉದ್ದನೆ ಡಬ್ಬ. ಗೊಂಬೆ ಪೆಟ್ಟಿಗೆಯನ್ನು ತಲೆಮಾರುಗಟ್ಟಲೆ ಅಟ್ಟದ ಮೇಲೆ ಕಾಪಾಡಿದ ಮನೆತನದವರಾದರೆ ಧೈರ್ಯವಾಗಿ ಕೊಳ್ಳಿ.

ನಮ್ಮದು ಈಗಲೂ ಇದೆ. ಊರಿಗೆ ಹೋಗುವ ವರ್ಷ ಕೆಳಗೆ ಇಳಿಯುತ್ತದೆ.

ಬೇರು ಇರುವ ಮರ

“ಕಡಿದು ಬಿಸಾಡುದು ಯಾಕೆ? ಬೇರು ಸಮೇತ ತನ್ನಿ, ಮತ್ತೆ ನೆಡುವ” ಅಂತ ಹೇಳಿದ್ದು ಅತ್ತೆ, ವಿಡಿಯೋ ಕಾಲಿನಲ್ಲಿ. ಕೇಳಲು ಎಷ್ಟು ಸರಿ! ಆದರೆ ಆರಡಿಯ ಮರದ ಬೇರಿನ ಮಣ್ಣುಂಡೆ ಇಬ್ಬರು ಎತ್ತುವ ತೂಕವಲ್ಲ, ನೂರು ಕಿಲೋ ಇರಬಹುದು. ಮನೆಯೊಳಗಿನ ಬೆಚ್ಚಗೆಗೆ ಮರ ಚಳಿಗಾಲ ಮುಗಿಯಿತು ಅಂದುಕೊಂಡು ಚಿಗುರಲು ಹೊರಡುತ್ತದೆ. ಆಮೇಲೆ ಹೊರಗಿಟ್ಟರೆ ಹಿಮ ಬಿದ್ದು ಸಾಯುತ್ತದೆ. ಅದಕ್ಕೇ ಒಳಗೆ ಏಳರಿಂದ ಹತ್ತು ದಿನ ಮಾತ್ರ. ಗುಂಡಿಯನ್ನು ಮುಂಚೆಯೇ ತೋಡಿಟ್ಟಿರಬೇಕು. ಜಾತಿಯೂ ನಿಮ್ಮ ಊರಿನ ಸೆಕೆ ತಡೆಯುವಂಥದ್ದಾಗಿರಬೇಕು. ರಾಲಿಯ ಹಿತ್ತಲಲ್ಲಿ ಫ್ರೇಸರ್ ನೆಟ್ಟರೆ ಎರಡನೇ ಬೇಸಿಗೆ ನೋಡುವುದು ಅನುಮಾನ, ರೆಡ್ ಸೀಡರ್ ಆದರೆ ನಿಮ್ಮನ್ನೂ ಮೀರಿ ಬದುಕುತ್ತದೆ. ಸ್ವಂತ ಜಾಗ ಇದ್ದು, 24ಕ್ಕೆ ತಂದು ಹೊಸ ವರ್ಷಕ್ಕೆ ನೆಡುವವರಿಗೆ ಮಾತ್ರ ಈ ದಾರಿ.

ಇನ್ನೊಂದಿದೆ. ಡಿಸೆಂಬರ್‌ನಲ್ಲಿ ಕಿರಾಣಿ ಅಂಗಡಿಗಳ ಬಾಗಿಲಲ್ಲಿ ಮೊಣಕಾಲೆತ್ತರದ ಪುಟ್ಟ ಕುಂಡಗಳು, ಮೇಲೆ ಮಿನುಗು ಪುಡಿ. ನಾರ್ಫೋಕ್ ಐಲೆಂಡ್ ಪೈನ್. ಅದನ್ನು ಕಂಡ ಕೂಡಲೇ ನಾನು “ಅಯ್ಯೋ, ಇದು ನಮ್ಮ ಕ್ರಿಸ್‌ಮಸ್ ಟ್ರೀ ಅಲ್ವಾ!” ಅಂದೆ. ಬೆಂಗಳೂರಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಟ್ರೀ ಅಂತ ಮಾರುವುದು ಇದನ್ನು, ಇಲ್ಲವೇ ಇದರ ದಾಯಾದಿ ಕುಕ್ ಪೈನನ್ನು. ಎರಡೂ ಪೆಸಿಫಿಕ್ ಸಾಗರದ ದ್ವೀಪಗಳ ಮರಗಳು, ಪೈನ್ ಜಾತಿಯವೇ ಅಲ್ಲ. ನಮ್ಮ ಚಿಕ್ಕಮ್ಮ ಮಲ್ಲೇಶ್ವರದ ಅಂಗಳದಲ್ಲಿ ನೆಟ್ಟದ್ದು ಮೂರನೇ ಮಹಡಿ ದಾಟಿ, ಸ್ವಲ್ಪ ವಾಲಿಕೊಂಡು ನಿಂತಿದೆ. ವಾಲಿದ್ದಕ್ಕೆ ಅವರು ಪಕ್ಕದ ಮನೆಯ ಕಟ್ಟಡವನ್ನು ಬೈಯುತ್ತಿದ್ದರು. ಕುಕ್ ಪೈನ್‌ಗಳು ಎಲ್ಲಿ ನೆಟ್ಟರೂ ಭೂಮಧ್ಯರೇಖೆಯ ಕಡೆಗೇ ವಾಲುತ್ತವೆ ಅಂತ 2017ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಪಕ್ಕದ ಮನೆಯವರ ತಪ್ಪಲ್ಲ.

ಈ ಕುಂಡಕ್ಕೆ ಭಾರ ಏನೂ ಕಟ್ಟುವಂತಿಲ್ಲ, ಹಿಮಕ್ಕೆ ಹೊರಗಿಡುವಂತಿಲ್ಲ. ಕಿಟಕಿಯ ಬೆಳಕು, ಸ್ವಲ್ಪ ತೇವ ಇದ್ದರೆ ವರ್ಷವಿಡೀ ಮನೆಯೊಳಗೇ ಇರುತ್ತದೆ. ದಿನ ಎಣಿಸುವ ಗೋಜೇ ಇಲ್ಲ. ಒಂದೇ ಕೋಣೆಯ ಮನೆಯವರಿಗೆ ನಾನು ಕೊಡುವ ಉಡುಗೊರೆ ಇದು. ಮಿನುಗು ಪುಡಿ, ಹಸಿರು ಬಣ್ಣ ಬಳಿಯದ್ದನ್ನು ಹುಡುಕಿ ಕೊಳ್ಳಿ.

ತಂದ ಮೇಲೆ

ಹೊಲದಲ್ಲಿ ಮರ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ. ಮೇಲೆ ಆಕಾಶ ಇರುತ್ತದಲ್ಲ. ಹೊರಡುವ ಮುಂಚೆ ಸೂರು ಅಳೆಯಿರಿ. ಎಂಟಡಿಯ ಸೂರಿಗೆ ಆರೂವರೆ ಅಡಿಯ ಮರ ಸಾಕು. ಸ್ಟ್ಯಾಂಡಿಗೆ, ನಕ್ಷತ್ರಕ್ಕೆ ಜಾಗ ಬೇಡವೇ? ಅಗಲವನ್ನೂ ಅಳೆಯಿರಿ. ಏಳಡಿಯ ಫ್ರೇಸರ್ ಬುಡದಲ್ಲಿ ನಾಲ್ಕೈದು ಅಡಿ ಹರಡುತ್ತದೆ.

ನಿಲ್ಲಿಸುವ ಮುಂಚೆ ಬುಡದಿಂದ ಅರ್ಧ ಇಂಚಿನಿಂದ ಒಂದಿಂಚು ದಪ್ಪದ ಬಿಲ್ಲೆ ಕೊಯ್ದು ತೆಗೆಯಲೇಬೇಕು. ಕಡಿದ ಕಡೆ ಅಂಟು ಕಟ್ಟಿ ನೀರಿನ ದಾರಿ ಮುಚ್ಚಿರುತ್ತದೆ. ಅಂಗಡಿಯವರೇ ಕೊಯ್ದು ಕೊಡುತ್ತಾರೆ, ಆದರೆ ಕೊಯ್ದ ಆರೆಂಟು ಗಂಟೆಯೊಳಗೆ ಮನೆಗೆ ತಂದು ನೀರಿಗೆ ಇಳಿಸಬೇಕು. ಸ್ಟ್ಯಾಂಡಿಗೆ ಹಿಡಿಯಲಿಲ್ಲ ಅಂತ ಬುಡದ ತೊಗಟೆ ಕೆತ್ತಬೇಡಿ. ನೀರು ಹೀರುವುದು ಹೊರಗಿನ ಪದರವೇ. ದೊಡ್ಡ ಸ್ಟ್ಯಾಂಡ್ ಕೊಳ್ಳಿ.

ಬುಡ ಎಷ್ಟು ಇಂಚು ದಪ್ಪವೋ ದಿನಕ್ಕೆ ಹೆಚ್ಚುಕಡಿಮೆ ಅಷ್ಟು ಲೀಟರ್ ನೀರು ಬೇಕು. ನಾಲ್ಕಿಂಚಿನ ಬುಡಕ್ಕೆ ನಾಲ್ಕು ಲೀಟರ್. ಮೊದಲ ದಿನ ಒಂದೇ ರಾತ್ರಿಯಲ್ಲಿ ಬರಿದು ಮಾಡಿದರೂ ಆಶ್ಚರ್ಯ ಬೇಡ. ಸಕ್ಕರೆ, ಆಸ್ಪಿರಿನ್, ಕೋಲಾ ಹಾಕಿ ಅಂತ ಹೇಳುವವರು ಸಿಗುತ್ತಾರೆ. ನಲ್ಲಿ ನೀರು ಸಾಕು. ಹೀಟರಿನ ಬಿಸಿಗಾಳಿ ಬರುವ ಕಿಂಡಿಯ ಹತ್ತಿರ ನಿಲ್ಲಿಸಬೇಡಿ, ಎಲ್‌ಇಡಿ ದೀಪವನ್ನೇ ಹಾಕಿ. ನಮ್ಮನೆಯಲ್ಲಿ ಬೆಳಗಿನ ನೀರು ಇವರದು, ರಾತ್ರಿಯದು ನನ್ನದು. ಯಾರು ಹಾಕಿದರು ಅಂತ ಜಗಳ ಬಾರದಿರಲಿ ಅಂತ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ.

ತೆಗೆಯುವಾಗ ಅಡಿಯಲ್ಲಿ ಹಳೇ ಕಾಟನ್ ಸೀರೆ ಹಾಸಿ, ಮರವನ್ನು ಅದರಲ್ಲೇ ಸುತ್ತಿ ಬುಡ ಮುಂದಾಗಿ ಹೊರಗೆ ಒಯ್ಯಿರಿ. ಬೆಡ್‌ಶೀಟಿಗಿಂತ ಸೀರೆ ವಾಸಿ, ಉದ್ದ ಸಾಕಾಗುತ್ತದೆ. ಗೊಂಬೆ, ತಂತಿ, ಜರಿ ಎಲ್ಲ ಬಿಡಿಸಿದ ಮರವನ್ನು ಮಾತ್ರ ಕೌಂಟಿಯವರು ತೆಗೆದುಕೊಳ್ಳುತ್ತಾರೆ. ಅದನ್ನು ಚೂರು ಮಾಡಿ ಪಾರ್ಕಿನ ಕಾಲುದಾರಿಗಳಿಗೆ ಹಾಸುತ್ತಾರೆ. ಕಡಲ ತೀರದ ಕಡೆ ಮರಳಿನ ದಿಬ್ಬ ಕೊಚ್ಚಿಹೋಗದಂತೆ ಇಂಥ ಮರಗಳನ್ನೇ ಅಡ್ಡ ಮಲಗಿಸುವುದೂ ಉಂಟು.

ಈ ಸಲ ಅತ್ತೆ ಖುದ್ದಾಗಿ ಬರುತ್ತಿದ್ದಾರೆ, ಡಿಸೆಂಬರ್ 13ಕ್ಕೆ. ತಾನು ಬರುವ ಮುಂಚೆ ಮರ ನಿಲ್ಲಿಸಕೂಡದು ಅಂತ ಅಪ್ಪಣೆಯಾಗಿದೆ. 13ರಿಂದ ಜನವರಿ 6ಕ್ಕೆ 24 ದಿನ. ನಾಲ್ಕು ವಾರವೂ ಇಲ್ಲ. ಹಾಗಾಗಿ ಕಳೆದ ಭಾನುವಾರ ತರಕಾರಿಗೆ ಅಂತ ಹೋದವಳು ಪಕ್ಕದ ತೋಟಕ್ಕೆ ಹೊಕ್ಕು, ಆರೂವರೆ ಅಡಿಯ ಒಂದು ವರ್ಜೀನಿಯಾ ಪೈನ್‌ಗೆ ನಮ್ಮ ಹೆಸರಿನ ಚೀಟಿ ಕಟ್ಟಿ ಬಂದಿದ್ದೇನೆ. ಇವರು ಇನ್ನೂ ಬೆಟ್ಟದ ದಾರಿಯ ಹೋಟೆಲ್ ಹುಡುಕುತ್ತಿದ್ದಾರೆ. ಹೊಸ ಹಗ್ಗವನ್ನೂ ತರಿಸಿದ್ದಾರೆ.